ಆಲಂ ಹಾಕಿದ್ದೀರಿ ಸರಿ, ಪಿಎಚ್ ನೋಡಿದ್ದೀರಾ?

ಮಳೆ ಶುರುವಾಯಿತೆಂದರೆ ಕಟ್ಟಡ ಸೈಟ್‌ನ ಕೆಸರು ನೀರನ್ನು ತಿಳಿಮಾಡಿ ಹೊರಬಿಡುವುದು ಹೇಗೆ ಎಂಬ ಒಂದೇ ಪ್ರಶ್ನೆ ಹತ್ತು ವೇಷದಲ್ಲಿ ಬರುತ್ತದೆ. ಈ ಸಲ ಅಂಕಣದ ಜಾಗವೆಲ್ಲ ಅದಕ್ಕೇ. ಬೇರೆ ಪ್ರಶ್ನೆ ಕಳಿಸಿದವರು ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಸರ್ಜಾಪುರ ರಸ್ತೆಯಲ್ಲಿ ಎರಡು ಬೇಸ್‌ಮೆಂಟ್ ಅಗೆಯುತ್ತಿದ್ದೇವೆ. ಗುಂಡಿಯ ನೀರನ್ನು 20,000 ಲೀಟರ್ ಸಂಪ್‌ಗೆ ಹತ್ತಿಸಿ, ಐದು ಕಿಲೋ ಆಲಂ (ನೀರು ತಿಳಿಮಾಡುವ ಪಟಿಕ) ಗೋಣಿಚೀಲದಲ್ಲಿ ಕಟ್ಟಿ ಇಳಿಬಿಡುತ್ತೇವೆ. ಎರಡು ದಿನ ಕಳೆದರೂ ನೀರು ಟೀ ಬಣ್ಣದಲ್ಲೇ ಇರುತ್ತದೆ. ಟ್ರಾನ್ಸಿಟ್ ಮಿಕ್ಸರ್ (ಕಾಂಕ್ರೀಟ್ ತರುವ ಲಾರಿ) ತೊಳೆದ ನೀರೂ ಅದೇ ಸಂಪ್‌ಗೆ ಬರುತ್ತದೆ. ಆಲಂ ಇನ್ನೂ ಹೆಚ್ಚಿಸಬೇಕೇ?

ಉತ್ತರ: ಬೇಡ. ನೀವು ಕೊನೆಗೆ ಸುಮ್ಮನೆ ಸೇರಿಸಿದ ಮಾತಿನಲ್ಲೇ ರೋಗವಿದೆ. ಪಿಎಚ್ ಅಂದರೆ ನೀರಿನ ಹುಳಿ-ಕ್ಷಾರದ ಅಳತೆ: 7 ಸಮ, ಕೆಳಗಿಳಿದಷ್ಟೂ ಹುಳಿ, ಮೇಲೇರಿದಷ್ಟೂ ಕ್ಷಾರ. ಮಿಕ್ಸರ್ ತೊಳೆದ ನೀರಿನ ಪಿಎಚ್ 12ರ ಆಚೀಚೆ ಇರುತ್ತದೆ. ಆಲಂ ಚೆನ್ನಾಗಿ ಕೆಲಸ ಮಾಡುವುದು 6ರಿಂದ 7.5ರ ನಡುವೆ. ಅಲ್ಲಿ ಅದು ಹತ್ತಿಯ ಎಳೆಗಳಂತೆ ಗಂಟುಕಟ್ಟಿ, ಮಣ್ಣಿನ ಕಣಗಳನ್ನು ಬಾಚಿಕೊಂಡು ತಳಕ್ಕಿಳಿಯುತ್ತದೆ. ಪಿಎಚ್ 9 ದಾಟಿತೋ, ಆಲಂನಲ್ಲಿರುವ ಅಲ್ಯೂಮಿನಿಯಂ ಗಂಟುಕಟ್ಟದೆ ನೀರಿನಲ್ಲೇ ಕರಗಿ ಉಳಿಯುತ್ತದೆ. ಮಣ್ಣೂ ತೇಲುತ್ತದೆ, ಅಲ್ಯೂಮಿನಿಯಂ ಕೂಡ ರಾಜಕಾಲುವೆಗೆ (ಮಳೆನೀರಿನ ದೊಡ್ಡ ಚರಂಡಿಗೆ) ಹೋಗುತ್ತದೆ.

"ಇನ್ನೆರಡು ದಿನ ಬಿಡಿ ಸಾರ್, ತಾನೇ ಕೂತ್ಕೊಳ್ಳುತ್ತೆ" ಎನ್ನುವ ಮೇಸ್ತ್ರಿಯ ಮಾತನ್ನೂ ಕೇಳಬೇಡಿ. ಹತ್ತು ಮೈಕ್ರಾನ್ (ಮಿಲಿಮೀಟರಿನ ನೂರನೇ ಒಂದು ಭಾಗ) ಕಣ ಒಂದು ಮೀಟರ್ ಇಳಿಯಲು ಮೂರು ಗಂಟೆ ಸಾಕು. ಒಂದು ಮೈಕ್ರಾನ್ ಜೇಡಿ ಕಣಕ್ಕೆ ಹನ್ನೆರಡು, ಹದಿಮೂರು ದಿನ ಬೇಕು, ಅದೂ ನೀರು ಅಲ್ಲಾಡದಿದ್ದರೆ. ನಮ್ಮ ಕೆಂಪು ಮಣ್ಣಿನಲ್ಲಿ ಈ ಎರಡನೆಯ ಜಾತಿಗೇನೂ ಬರವಿಲ್ಲ.

ಮೊದಲು ಎರಡು ನೀರನ್ನೂ ಬೇರೆ ಮಾಡಿ. ಮಿಕ್ಸರ್ ತೊಳೆಯಲು ದಪ್ಪ ಟಾರ್ಪಾಲು ಹಾಸಿದ ಪ್ರತ್ಯೇಕ ಗುಂಡಿ ಇರಲಿ. ಅಲ್ಲಿನ ತಿಳಿನೀರಿಗೆ ಸಿಲಿಂಡರ್‌ನಿಂದ ಕಾರ್ಬನ್ ಡೈಆಕ್ಸೈಡ್ ಬಿಡಿ. ಸಣ್ಣ ತೂತಿನ ಪೈಪು ತಳದಲ್ಲಿರಬೇಕು. ಪಿಎಚ್ 12ರ ಸಾವಿರ ಲೀಟರ್‌ಗೆ ಲೆಕ್ಕದಲ್ಲಿ ಅರ್ಧ ಕಿಲೋ ಅನಿಲ ಸಾಕು. ಗುಳ್ಳೆಯಾಗಿ ಹಾರಿಹೋಗುವುದೂ ಸೇರಿ ಒಂದು ಕಿಲೋ ಇಟ್ಟುಕೊಳ್ಳಿ. ಪಿಎಚ್ 12.5 ಇದ್ದರೆ ಅದರ ಮೂರು ಪಟ್ಟು. ಮೀಟರ್ 8 ತೋರಿಸಿದಾಗ ನಿಲ್ಲಿಸಿ. ನೀರು ಹಾಲಿನಂತಾದರೆ ಗಾಬರಿ ಬೇಡ, ಅದು ಸುಣ್ಣಕಲ್ಲಿನ ನುಣ್ಣನೆ ಪುಡಿ, ಕೆಳಗೆ ಕೂರುತ್ತದೆ. ಈ ಕೆಲಸವನ್ನು ಬಯಲಲ್ಲೇ ಮಾಡಿ. ಬೇಸ್‌ಮೆಂಟ್ ಗುಂಡಿಯೊಳಗೆ ಖಂಡಿತ ಬೇಡ. ಈ ಅನಿಲ ಗಾಳಿಗಿಂತ ಭಾರ, ತಳದಲ್ಲಿ ನಿಂತು ಕೆಲಸಗಾರನ ಉಸಿರು ಕಟ್ಟಿಸುತ್ತದೆ.

ಇನ್ನು ಗುಂಡಿಯ ನೀರು. 10 ಗ್ರಾಂ ಆಲಂ ಪುಡಿಯನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿ. ಈ ದ್ರಾವಣದ ಒಂದು ಮಿ.ಲೀ. ಒಂದು ಲೀಟರ್‌ಗೆ ಬಿದ್ದರೆ 10 ಮಿ.ಗ್ರಾಂ. ಆರು ಪಾರದರ್ಶಕ ಬಾಟಲಿಗಳಲ್ಲಿ ಒಂದೊಂದು ಲೀಟರ್ ಸೈಟ್ ನೀರು ತುಂಬಿ, ಕ್ರಮವಾಗಿ 2, 4, 6, 8, 10, 15 ಮಿ.ಲೀ. ಹಾಕಿ. ಒಂದು ನಿಮಿಷ ಜೋರಾಗಿ, ಹತ್ತು ಹದಿನೈದು ನಿಮಿಷ ಮೆಲ್ಲಗೆ ಕಲಕಿ ಅರ್ಧ ಗಂಟೆ ಬಿಡಿ. ತಿಳಿಯಾದ ಬಾಟಲಿಗಳಲ್ಲಿ ಯಾವುದಕ್ಕೆ ಕಡಿಮೆ ಬಿದ್ದಿದೆಯೋ ಅದೇ ನಿಮ್ಮ ಪ್ರಮಾಣ. ಮೂರನೆಯದು ಎಂದಿಟ್ಟುಕೊಳ್ಳಿ: 60 ಮಿ.ಗ್ರಾಂ., ಅಂದರೆ 20,000 ಲೀಟರ್‌ಗೆ 1.2 ಕಿಲೋ. ನೀವು ಈಗ ಸುರಿಯುತ್ತಿರುವುದರ ಕಾಲು ಭಾಗ! ಹೆಚ್ಚು ಹಾಕಿದರೆ ನೀರು ಹುಳಿಯಾಗುತ್ತದೆ, ಕೂತ ಮಣ್ಣು ಮತ್ತೆ ಕದಡಿದಂತೆ ತೇಲುತ್ತದೆ. ಬಂಡೆ ಸಂದಿಯಿಂದ ಒಸರುವ ನೀರಿಗೆ ಆಲಂನ ಹುಳಿ ತಡೆಯುವ ಕ್ಷಾರ ಇರುತ್ತದೆ, ಮಳೆನೀರಿಗೆ ಅಷ್ಟಿರುವುದಿಲ್ಲ. ಹಾಗಾಗಿ ದೊಡ್ಡ ಮಳೆಯ ಮಾರನೆಯ ದಿನ ಬಾಟಲಿ ಪರೀಕ್ಷೆ ಮತ್ತೆ ಮಾಡಿ.

ಚೀಲ ಕಟ್ಟಿ ಇಳಿಬಿಡುವುದನ್ನು ಇವತ್ತೇ ನಿಲ್ಲಿಸಿ. ಚೀಲದ ಸುತ್ತ ಒಂದಡಿ ನೀರಿಗೆ ಅತಿಯಾಗುತ್ತದೆ, ಮೂಲೆಯ ನೀರಿಗೆ ಸೊನ್ನೆ. ಆ 1.2 ಕಿಲೋವನ್ನು 12 ಲೀಟರ್ ನೀರಿನಲ್ಲಿ ಕರಗಿಸಿ, ಸಂಪ್ ತುಂಬುವಷ್ಟು ಹೊತ್ತೂ ಪಂಪಿನ ಹೀರುವ ಬಾಯಿಯ ಹತ್ತಿರ ಸಣ್ಣ ಧಾರೆಯಾಗಿ ಬಿಡಿ, ಪಂಪೇ ಕಲಕಿಕೊಡುತ್ತದೆ. ಗಂಟು ದೊಡ್ಡದಾಗಲು ಪಾಲಿಮರ್ (ಕಣಗಳನ್ನು ಅಂಟಿಸುವ ರಾಸಾಯನಿಕ) ಬಳಸುವವರು ಮಾತ್ರ ಅದನ್ನು ಪಂಪ್ ದಾಟಿದ ಮೇಲೆ ಹಾಕಬೇಕು, ಇಲ್ಲವಾದರೆ ಕಟ್ಟಿದ ಗಂಟು ಪಂಪಿನಲ್ಲೇ ಪುಡಿಯಾಗುತ್ತದೆ. ಆನಯಾನಿಕ್ (ಋಣ ವಿದ್ಯುದಂಶದ) ಜಾತಿಯದನ್ನೇ ಕೇಳಿ ತನ್ನಿ. ಕ್ಯಾಟಯಾನಿಕ್ (ಧನ ವಿದ್ಯುದಂಶದ) ಪಾಲಿಮರ್ ಮೀನಿನ ಕಿವಿರಿಗೆ ವಿಷ, ನಿಮ್ಮ ನೀರು ಕೊನೆಗೆ ಸೇರುವುದು ಕೆರೆಗೆ.

ತಿಳಿನೀರು ತೆಗೆಯುವಾಗಲೂ ಎಡವುತ್ತೀರಿ. ಫುಟ್‌ವಾಲ್ವ್ (ಹೀರುವ ಪೈಪಿನ ತುದಿಯ ಕವಾಟ) ತಳದಲ್ಲಿಟ್ಟರೆ ಮೊದಲು ಬರುವುದು ಕೆಸರೇ. ಹೀರುವ ಪೈಪಿನ ಬಾಯಿಯನ್ನು ಖಾಲಿ ಕ್ಯಾನಿಗೆ ಕಟ್ಟಿ ಮೇಲ್ಮೈಯಿಂದ ಒಂದಡಿ ಕೆಳಗೆ ತೇಲಿಸಿ, ತಳದ ಮೂರರಲ್ಲೊಂದು ಭಾಗ ಮುಟ್ಟಬೇಡಿ. ಅಗೆದ ಗುಂಡಿಯಲ್ಲೂ ಪಂಪನ್ನು ಬರಿ ಕೆಸರಿನಲ್ಲಿ ಇಳಿಸುವ ಬದಲು ತೂತು ಹೊಡೆದ 200 ಲೀಟರ್ ಡ್ರಮ್‌ನೊಳಗಿಟ್ಟು, ಸುತ್ತ 20 ಮಿ.ಮೀ. ಜಲ್ಲಿ ತುಂಬಿ. ಆಗ ಆಲಂ ಖರ್ಚು ತಾನಾಗಿ ಇಳಿಯುತ್ತದೆ. ಹೊರಗೆ ಬಿಡುವ ನೀರಿನಲ್ಲಿ ತೇಲುವ ಕಣ ಲೀಟರ್‌ಗೆ 100 ಮಿ.ಗ್ರಾಂ. ಮೀರಬಾರದು, ಪಿಎಚ್ 5.5ರಿಂದ 9ರೊಳಗಿರಬೇಕು. ಪ್ರತಿ ಸಲ ಬರೆದಿಡಿ.

ಪ್ರಶ್ನೆ: ಬಾತ್‌ರೂಮ್ ತೊಳೆಯುವ ಆಸಿಡ್ ಸುರಿದು ಪಿಎಚ್ ಇಳಿಸಿದರೆ ಅಗ್ಗವಲ್ಲವೇ?

ಉತ್ತರ: 12ರಿಂದ 9ಕ್ಕೆ ಇಳಿಸಲು ಲೀಟರ್‌ಗಟ್ಟಲೆ ಬೇಕು, ಆಮೇಲೆ ಒಂದು ಚೊಂಬಿಗೇ 4ಕ್ಕೆ ಜಾರುತ್ತದೆ. ಮೀಟರ್ ಹಿಡಿದು ನಿಲ್ಲುವವರಿಲ್ಲದ ಸೈಟ್‌ನಲ್ಲಿ ಆ ಡಬ್ಬಿ ಒಳಗೇ ಬರಕೂಡದು.

ಪ್ರಶ್ನೆ: ಎರಡು ಟ್ಯಾಂಕರ್ ನೀರು ಬೆರೆಸಿ ಬಿಟ್ಟರೆ?

ಉತ್ತರ: 12ನ್ನು 9 ಮಾಡಲು ಬರಿ ಲೆಕ್ಕದಲ್ಲಿ ಸಾವಿರ ಪಟ್ಟು ನೀರು ಬೇಕು. ಎರಡು ಟ್ಯಾಂಕರ್!

ಪ್ರಶ್ನೆ: ಬಯೋ-ಎನ್‌ಜೈಮ್ ಮಾರುವವರು ಒಂದು ಕ್ಯಾನಿಗೆ ಸಂಪ್ ತಿಳಿಯಾಗುತ್ತದೆ ಎನ್ನುತ್ತಾರೆ.

ಉತ್ತರ: ಆ ಕ್ಯಾನಿನ ಬ್ಯಾಕ್ಟೀರಿಯಾ ಸಾವಯವ ಕೊಳೆ ತಿನ್ನುತ್ತದೆ, ಜೇಡಿಮಣ್ಣು ತಿನ್ನುವುದಿಲ್ಲ. ಬಾಟಲಿ ಪರೀಕ್ಷೆಯಲ್ಲಿ ನಿಮ್ಮೆದುರೇ ಮಾಡಿ ತೋರಿಸಲು ಹೇಳಿ, ಮರುದಿನ ಅವರು ಫೋನ್ ಎತ್ತುವುದಿಲ್ಲ.

ಪ್ರಶ್ನೆ: ಯುಜಿಡಿ (ಒಳಚರಂಡಿ) ಮ್ಯಾನ್‌ಹೋಲ್‌ಗೆ ಬಿಡಬಹುದೇ?

ಉತ್ತರ: ಜಲಮಂಡಳಿಯ ಅನುಮತಿ ಇಲ್ಲದೆ ಮುಚ್ಚಳಕ್ಕೆ ಕೈ ಹಚ್ಚಬೇಡಿ.

ಪ್ರಶ್ನೆ: ತಿಳಿಯಾದ ನೀರನ್ನು ಕಾಂಕ್ರೀಟಿಗೆ ಬಳಸಬಹುದೇ?

ಉತ್ತರ: ಇದನ್ನು ಯಾಕೆ ಯಾರೂ ಮೊದಲೇ ಕೇಳುವುದಿಲ್ಲವೋ! ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456:2000 ಪ್ರಕಾರ ಕಾಂಕ್ರೀಟ್ ಕಲಸುವ ನೀರಿನಲ್ಲಿ ತೇಲುವ ಕಣ ಲೀಟರ್‌ಗೆ 2000 ಮಿ.ಗ್ರಾಂ.ವರೆಗೆ ಇರಬಹುದು, ಪಿಎಚ್ 6ಕ್ಕಿಂತ ಕಡಿಮೆ ಇರಬಾರದು. ಹೊರಗೆ ಬಿಡಲು 100, ಕಲಸಲು 2000! ಕಬ್ಬಿಣ ಇರುವ ಕಾಂಕ್ರೀಟಿಗೆ ಕ್ಲೋರೈಡ್ 500, ಸಲ್ಫೇಟ್ 400 ಮಿ.ಗ್ರಾಂ. ಮೀರಿಲ್ಲವೆಂದು ಲ್ಯಾಬ್‌ನಲ್ಲಿ ಒಮ್ಮೆ ನೋಡಿಸಿ, ಪಕ್ಕದ ಒಳಚರಂಡಿ ಸೋರುವ ಜಾಗವಾದರೆ ಸಾವಯವ ಅಂಶವನ್ನೂ. ಕ್ಯೂರಿಂಗ್ (ಹಾಕಿದ ಕಾಂಕ್ರೀಟನ್ನು ಒದ್ದೆಯಾಗಿಡುವುದು), ಧೂಳಿಗೆ ಚಿಮುಕಿಸುವುದು, ಲಾರಿ ಚಕ್ರ ತೊಳೆಯುವುದು, ಇಷ್ಟಕ್ಕೇ ನಿಮ್ಮ ಸಂಪ್ ಅರ್ಧ ಖಾಲಿಯಾಗುತ್ತದೆ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದಾಗ ಟ್ಯಾಂಕರ್ ಹುಡುಕಿಕೊಂಡು ಓಡಿದ ಎಷ್ಟೋ ಸೈಟ್‌ಗಳ ಗುಂಡಿಯಲ್ಲೇ ನೀರಿತ್ತು.

ಪ್ರಶ್ನೆ: ನೀರಿನ ಮೇಲೆ ಡೀಸೆಲ್ ಪದರ ಕಾಣುತ್ತಿದೆ, ಸೋಪು ಹಾಕಿದೆವು, ಮಾಯವಾಯಿತು.

ಉತ್ತರ: ಮಾಯವಾಗಿಲ್ಲ, ನೀರಿನೊಳಗೆ ಬೆರೆತಿದೆ, ಈಗ ಅದನ್ನು ಬೇರ್ಪಡಿಸುವುದು ಇನ್ನೂ ಕಷ್ಟ. ಪಂಪ್ ನಿಲ್ಲಿಸಿ, ಆ ನೀರನ್ನು ಬೇರೆ ಟ್ಯಾಂಕಿನಲ್ಲಿಟ್ಟು ಅಧಿಕೃತ ತ್ಯಾಜ್ಯ ಸಂಸ್ಕರಣೆಯವರಿಗೆ ಕೊಡಿ. ಮುಂದಿನ ಸಲ ಎಣ್ಣೆ ಹೀರುವ ಪ್ಯಾಡ್ ಹಾಕಿ ಪದರವನ್ನು ಮೇಲಿನಿಂದಲೇ ಎತ್ತಿ, ಪಂಪ್‌ನ ಕೆಳಗೆ ಟ್ರೇ ಇಡಿ.