ಪೆನ್ಸಿಲ್ವೇನಿಯಾದ ಕೊಟ್ಟಿಗೆಗಳ ಮೇಲಿನ ನಕ್ಷತ್ರಚಿತ್ರಗಳು ಮಾಟ ತಡೆಯಲು ಬರೆದವೇ?

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಮುಖ್ಯವಾಗಿ ಬರ್ಕ್ಸ್ ಮತ್ತು ಲೀಹೈ ಕೌಂಟಿಗಳಲ್ಲಿ, ದನ, ಹುಲ್ಲು, ಧಾನ್ಯ ಮೂರಕ್ಕೂ ನೆಲೆಯಾದ ದೊಡ್ಡ ಕೊಟ್ಟಿಗೆಗಳ ಮೇಲೆ ಕಾಣುವ ಈ ಬಣ್ಣದ ವೃತ್ತಗಳನ್ನು ‘ಹೆಕ್ಸ್ ಸೈನ್’ ಎನ್ನುತ್ತಾರೆ. ಇವು ಮಾಟ ತಡೆಯುವ ರಕ್ಷೆಗಳೆಂಬ ಮಾತು ವ್ಯಾಪಕವಾಗಿ ಹರಡಿದ್ದು 1924ರಲ್ಲಿ ಅಮೆರಿಕದ ಛಾಯಾಗ್ರಾಹಕ, ಲೇಖಕ ವಾಲೆಸ್ ನಟಿಂಗ್ ಹಾಗೆಂದು ಬರೆದ ಮೇಲೆ. ಇವನ್ನು, ಸರಳ ಬಾಳ್ವೆಯ ಕ್ರೈಸ್ತ ಪಂಥದವರಾದ ಅಮಿಶ್ ಜನರ ಕಲೆ ಎನ್ನುವುದಂತೂ ಖಂಡಿತ ತಪ್ಪು. ಬರೆಸಿದವರು ಲೂಥರನ್ ಮತ್ತು ರಿಫಾರ್ಮ್ಡ್ ಎಂಬ ಕ್ರೈಸ್ತ ಪಂಥಗಳ ಜರ್ಮನ್ ಮೂಲದ ರೈತರು.

ಕೊಟ್ಟಿಗೆಗೆ ಬಣ್ಣ ಬಳಿಯುವುದು ರೂಢಿಗೆ ಬಂದದ್ದು 19ನೆಯ ಶತಮಾನದಲ್ಲಾದರೂ ಆಕೃತಿಗಳು ಅದಕ್ಕಿಂತ ಹಳೆಯವು: ಅದೇ ನಕ್ಷತ್ರ, ಅದೇ ಹೂ ಅವರ ಮದುವೆಯ ಪೆಟ್ಟಿಗೆಗಳ ಮೇಲೂ ಜನನಪತ್ರಗಳ ಮೇಲೂ ಸಮಾಧಿಕಲ್ಲುಗಳ ಮೇಲೂ ಇವೆ. ಕೈವಾರದಿಂದ ವೃತ್ತ ಎಳೆದು, ಅಳತೆ ಬದಲಿಸದೆ ಅದರ ಅಂಚಿನಲ್ಲಿ ಆರು ಕಡೆ ಮೊನೆಯೂರಿ ಕಮಾನು ಎಳೆದರೆ ಆರೆಸಳಿನ ಹೂ ತಾನಾಗಿ ಮೂಡುತ್ತದೆ. ಬಣ್ಣ ಪೂರ್ತಿ ಅಳಿದ ಮೇಲೂ, ಅದು ಮಳೆಬಿಸಿಲಿನಿಂದ ಕಾಪಾಡಿದ ಹಲಗೆಯ ಭಾಗ ತುಸು ಉಬ್ಬಿ ನಿಂತು ಹೂವಿನ ಗುರುತು ಹೇಳುತ್ತದೆ.

ನನ್ನ ದೃಷ್ಟಿಯಲ್ಲಿ ಅಲಂಕಾರವೇ ಇವುಗಳ ಮುಖ್ಯ ಉದ್ದೇಶ. ಆದರೂ ಶುಭದ ನಂಬಿಕೆಯನ್ನು ಪೂರ್ತಿ ತಳ್ಳಿಹಾಕಲಾಗದು, ಏಕೆಂದರೆ ದನಕರುಗಳ ರಕ್ಷಣೆಗಾಗಿ ಪ್ರಾರ್ಥನೆ ಬರೆದ ಚೀಟಿಗಳನ್ನು ಕೊಟ್ಟಿಗೆಯಲ್ಲಿ ಇಡುವ ಪದ್ಧತಿ ಇದೇ ಸಮುದಾಯದಲ್ಲಿತ್ತು.