ದೊಡ್ಡ ತೋಪಿನ ಯುದ್ಧನೌಕೆಗಳು ಈಗ ಯಾಕಿಲ್ಲ?

ವಿಮಾನ ಬಂದಿದ್ದೇ ಮುಖ್ಯ ಕಾರಣ. ತೋಪಿನ ಗುಂಡಿಗಿಂತ ಎಷ್ಟೋ ಪಟ್ಟು ದೂರ ಹೋಗಿ ಅದು ಹೊಡೆದು ಬರುತ್ತದೆ.

ನಮ್ಮ ಕಲಬುರಗಿ ಕೋಟೆಯ 29 ಅಡಿ ತೋಪು ನೋಡಿ ಈ ಪ್ರಶ್ನೆ ಕೇಳಿದ್ದೀರಿ, ಅಲ್ವಾ? ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಿರುದ್ಧ ಹೋರಾಡಿದ ಜಪಾನಿನ ಯಮಾಟೊ ಯುದ್ಧನೌಕೆಯಲ್ಲಿ 46 ಸೆಂ.ಮೀ. ಬಾಯಿಯ 9 ತೋಪುಗಳಿದ್ದವು. ಗುಂಡು ಸುಮಾರು 42 ಕಿ.ಮೀ. ಹೋಗುತ್ತಿತ್ತು, ಅಂದರೆ ಕೋಟೆಯಿಂದ ಹೊಡೆದರೆ ಹೆಚ್ಚುಕಡಿಮೆ ಆಳಂದದವರೆಗೆ. ಆದರೆ ಅಮೆರಿಕದ ವಿಮಾನಗಳು ಹೈದರಾಬಾದಿಗಿಂತಲೂ ದೂರ ಹೋಗಿ ಹೊಡೆಯಬಲ್ಲವಾಗಿದ್ದವು. 1945ರ ಏಪ್ರಿಲ್ 7ರಂದು ಅವು ಯಮಾಟೊವನ್ನು ಸುಮಾರು 2 ಗಂಟೆಯಲ್ಲಿ ಮುಳುಗಿಸಿದವು. ಆ ವಿಮಾನಗಳನ್ನು ತಮ್ಮ ಮೇಲಿಂದಲೇ ಹಾರಿಸಿ ಕಳಿಸಿದ ಹಡಗುಗಳು ಅವತ್ತು ಯಮಾಟೊದ ಕಣ್ಣಿಗೇ ಬೀಳಲಿಲ್ಲ.

ಹಡಗಿನ ಪಕ್ಕದ ಉಕ್ಕು 41 ಸೆಂ.ಮೀ. ದಪ್ಪ ಇತ್ತು. ಆದರೆ ಟಾರ್ಪಿಡೊ, ಅಂದರೆ ನೀರೊಳಗೇ ಸಾಗಿ ಬಂದು ಸಿಡಿಯುವ ಅಸ್ತ್ರ, ನೀರಿನ ಮಟ್ಟದ ಕೆಳಗೆ ತೂತು ಮಾಡುತ್ತದೆ. ಅವತ್ತು ಹೆಚ್ಚಿನ ಟಾರ್ಪಿಡೊಗಳು ಎಡಬದಿಗೇ ಬಡಿದು, ಒಂದೇ ಕಡೆ ನೀರು ತುಂಬಿಕೊಂಡು, ಅಷ್ಟು ದೊಡ್ಡ ಹಡಗು ಮಗುಚಿಬಿತ್ತು. ಸಾವಿರಾರು ನಾವಿಕರು ಸತ್ತರು, ಓದಿದಾಗಲೆಲ್ಲ ಸಂಕಟವಾಗುತ್ತದೆ.

ತೋಪು ಪೂರ್ತಿ ಹೋಗಿಲ್ಲ. ಈಗಿನ ಹಡಗುಗಳಲ್ಲೂ ಸಣ್ಣದೊಂದು ಇರುತ್ತದೆ. ದೂರದ ಗುರಿ ಹೊಡೆಯುವ ಕೆಲಸ ಮಾತ್ರ ಕ್ಷಿಪಣಿ ಮತ್ತು ವಿಮಾನದ್ದು.