95 ಡಿಗ್ರಿ ಮತ್ತು ಫ್ಯಾನ್ ಸದ್ದು: ಲಿಕ್ವಿಡ್ ಕೂಲರ್ ಕೊಳ್ಳುವ ಮುನ್ನ

ನಮಸ್ಕಾರ ಸರ್. ರೈಜನ್ 7 7700ಎಕ್ಸ್ ಪ್ರೊಸೆಸರ್ ಇರುವ ನಿಮ್ಮ ಕಂಪ್ಯೂಟರ್ ವಿಡಿಯೊ ಎಕ್ಸ್‌ಪೋರ್ಟ್ ಮಾಡುವಾಗ 95 ಡಿಗ್ರಿ ಮುಟ್ಟುತ್ತದೆ, ಫ್ಯಾನಿನ ಸದ್ದು ಪಕ್ಕದ ಕೋಣೆಗೂ ಕೇಳಿಸುತ್ತದೆ, ರಾಯಚೂರಿನ ಬೇಸಿಗೆಗೆ ದ್ರವ ಹರಿಸಿ ಪ್ರೊಸೆಸರನ್ನು ತಂಪಾಗಿಸುವ ಲಿಕ್ವಿಡ್ ಕೂಲರ್ ಹಾಕಿಸಲೇಬೇಕೆ ಎಂದು ಕೇಳಿದ್ದೀರಿ. ಅದಕ್ಕೆ ಹಣ ಹಾಕುವ ಮೊದಲು ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆಯಾದ ಬಯಾಸ್‌ನಲ್ಲಿ ಎರಡು ಬದಲಾವಣೆ ಮಾಡಿ ನೋಡಿ ಎಂಬುದು ನನ್ನ ಸಲಹೆ. ನಾನು ಕಲಬುರಗಿಯಲ್ಲಿ ಮನೆಯ ಒಂದು ಕೋಣೆಯಲ್ಲೇ ಧ್ವನಿಮುದ್ರಣ ಮಾಡುತ್ತೇನೆ. ಮೈಕಿನಿಂದ ನಾಲ್ಕೇ ಅಡಿ ದೂರದಲ್ಲಿ ಕಂಪ್ಯೂಟರ್ ಇರುವುದರಿಂದ ಈ ಸದ್ದಿನ ಬೆನ್ನು ಹತ್ತಿ ಬಹಳ ದಿನ ಕಳೆದಿದ್ದೇನೆ.

ಮೊದಲು 95ರ ಭಯ ಬಿಡಿ. ಈ ಪ್ರೊಸೆಸರಿಗೆ ಎಎಂಡಿ ಗೊತ್ತುಪಡಿಸಿದ ಮಿತಿಯೇ ಅದು. ಪೂರ್ತಿ ಕೆಲಸ ಬಿದ್ದಾಗ ಅಲ್ಲಿಯವರೆಗೆ ವೇಗ ಏರಿಸಿಕೊಳ್ಳುತ್ತಾ ಹೋಗಿ, ಮಿತಿ ಮುಟ್ಟಿದೊಡನೆ ತಾನೇ ತಗ್ಗಿಸಿಕೊಳ್ಳುತ್ತದೆ. ಡಬ್ಬಿಯ ಮೇಲೆ 105 ವ್ಯಾಟ್ ಎಂದಿದ್ದರೂ ಅದು 142 ವ್ಯಾಟಿನವರೆಗೆ ಎಳೆಯಬಲ್ಲದು, ಮತ್ತು ಆ ಶಾಖದ ಬಹುಪಾಲು ಹುಟ್ಟುವುದು ಸುಮಾರು 70 ಚದರ ಮಿಲಿಮೀಟರಿನ, ಅಂದರೆ ಕಿರುಬೆರಳಿನ ಉಗುರಿನಷ್ಟು ಅಗಲದ ಒಂದು ಚಿಪ್‌ನಲ್ಲಿ. ಅಷ್ಟು ಇಕ್ಕಟ್ಟಿನಿಂದ ಶಾಖ ಹೊರಬರುವುದೇ ಕಷ್ಟವಾಗಿರುವಾಗ, ಮೇಲೆ ಕೂರಿಸುವ ಕೂಲರಿಗೆ ಸುರಿದ ಹಣಕ್ಕೆ ತಕ್ಕ ಫಲ ಸಿಗುವುದಿಲ್ಲ. ಲಿಕ್ವಿಡ್ ಕೂಲರಿನಲ್ಲಿ ದ್ರವದ ಶಾಖವನ್ನು ಗಾಳಿಗೆ ಬಿಡುವ ರೇಡಿಯೇಟರಿಗೂ ಫ್ಯಾನ್ ಬೇಕೇ ಬೇಕು, ಪಂಪಿನ ಸದ್ದು ಬೇರೆ.

ಹಾಗಾಗಿ ಶಾಖವನ್ನು ಹುಟ್ಟುವಲ್ಲೇ ಕಡಿಮೆ ಮಾಡಿ. ಬಯಾಸ್‌ನ ಪಿಬಿಒ (ಪ್ರೊಸೆಸರಿನ ವೇಗ ಮತ್ತು ವಿದ್ಯುತ್ತಿನ ಮಿತಿ ಹೊಂದಿಸುವ) ವಿಭಾಗದಲ್ಲಿ 65 ವ್ಯಾಟಿನ ಇಕೊ ಮೋಡ್, ಅಂದರೆ ವಿದ್ಯುತ್ ಉಳಿಸುವ ಆಯ್ಕೆ, ಆರಿಸಿಕೊಂಡರೆ 142 ವ್ಯಾಟಿನ ಮಿತಿ, ಹೆಸರಿನಲ್ಲಿ 65 ಎಂದಿದ್ದರೂ, 88ಕ್ಕೆ ಇಳಿಯುತ್ತದೆ. ಕೊನೆಯ ಕೆಲವು ನೂರು ಮೆಗಾಹರ್ಟ್ಸ್ ಗಳಿಸಲು ಪ್ರೊಸೆಸರ್ ವೋಲ್ಟೇಜನ್ನು ವಿಪರೀತ ಏರಿಸಬೇಕಾಗುತ್ತದೆ, ವಿದ್ಯುತ್ತಿನ ಬಳಕೆಯೋ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಆದ್ದರಿಂದ ವ್ಯಾಟ್ ಇಳಿದಷ್ಟು ಪ್ರಮಾಣದಲ್ಲಿ ಕೆಲಸದ ವೇಗ ಇಳಿಯುವುದಿಲ್ಲ. ದೊಡ್ಡ ಎಕ್ಸ್‌ಪೋರ್ಟ್ ಸ್ವಲ್ಪ ತಡವಾದೀತು, ಅಷ್ಟೇ. ನನ್ನ ಮಟ್ಟಿಗೆ ಒಂದು ರೂಪಾಯಿ ಖರ್ಚಿಲ್ಲದೆ ಸಿಗುವ ಅತಿ ದೊಡ್ಡ ಲಾಭ ಇದು.

ಎರಡನೆಯದು ಫ್ಯಾನ್ ಕರ್ವ್, ಅಂದರೆ ಎಷ್ಟು ಬಿಸಿಗೆ ಫ್ಯಾನ್ ಎಷ್ಟು ವೇಗದಲ್ಲಿ ತಿರುಗಬೇಕೆಂಬ ಹೊಂದಾಣಿಕೆ. ಫ್ಯಾನಿನ ವೇಗ ಅರ್ಧವಾದರೆ ಗಾಳಿಯೂ ಹೆಚ್ಚುಕಡಿಮೆ ಅರ್ಧವಾಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ತಗ್ಗುತ್ತದೆ. ಅದೇ ಬಗೆಯ ಇನ್ನೊಂದು ಫ್ಯಾನ್ ಸೇರಿಸಿದರೆ ಹೆಚ್ಚುವುದು 3 ಡೆಸಿಬೆಲ್. ಜೋರಾಗಿ ತಿರುಗುವ ಒಂದಕ್ಕಿಂತ ನಿಧಾನವಾಗಿ ತಿರುಗುವ ಎರಡು ಫ್ಯಾನ್ ಲೇಸು ಎನ್ನುವುದು ಇದಕ್ಕೇ. 60 ಡಿಗ್ರಿಯವರೆಗೆ ಕಡಿಮೆ ವೇಗದಲ್ಲೇ ಬಿಟ್ಟು, ಅಲ್ಲಿಂದ ಮುಂದೆ ನಿಧಾನವಾಗಿ ಏರುವಂತೆ ಇಡಿ. ಸ್ಟೆಪ್ ಅಪ್ ಟೈಮ್ (ವೇಗ ಏರಲು ಹಿಡಿಯುವ ಸಮಯ) ಅಥವಾ ಅಂಥದೇ ಹೆಸರಿನ ಆಯ್ಕೆ ಇದ್ದರೆ ಅದನ್ನು ಹೆಚ್ಚಿಸಿ, ಏಕೆಂದರೆ ಬ್ರೌಸರ್ ತೆರೆದಾಗಲೆಲ್ಲ ಒಮ್ಮೆ ಏರಿ ಇಳಿಯುವ ಸದ್ದು ಒಂದೇ ಸಮನೆ ಬರುವ ಸದ್ದಿಗಿಂತ ಕಿವಿಗೆ ಹೆಚ್ಚು ಚುಚ್ಚುತ್ತದೆ. ಕ್ಯಾಬಿನೆಟ್ ಫ್ಯಾನಿನ ಕನೆಕ್ಟರಿನಲ್ಲಿ ಮೂರೇ ಪಿನ್ ಇದ್ದರೆ, ಮದರ್‌ಬೋರ್ಡಿನಲ್ಲಿ ಅದನ್ನು ಚುಚ್ಚಿರುವ ಹೆಡರನ್ನು ವೋಲ್ಟೇಜ್ ಬದಲಿಸಿ ವೇಗ ಹಿಡಿತದಲ್ಲಿಡುವ ಡಿಸಿ ಮೋಡ್‌ಗೆ ಹಾಕಿ. ನಾಲ್ಕು ಪಿನ್ನಿನ ಫ್ಯಾನಿಗೆಂದಿರುವ ಪಿಡಬ್ಲ್ಯುಎಂನಲ್ಲಿ ಬಿಟ್ಟರೆ ಅಂಥ ಫ್ಯಾನ್ ಸದಾ ಪೂರ್ಣ ವೇಗದಲ್ಲೇ ತಿರುಗುತ್ತದೆ.

ಸದ್ದು ಎಲ್ಲಿಂದ ಬರುತ್ತಿದೆ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ನಾನು ಹಳೆಯ ಗೋಡೆ ಕ್ಯಾಲೆಂಡರಿನ ಹಾಳೆಯನ್ನು ಕೊಳವೆಯಂತೆ ಸುತ್ತಿ, ಒಂದು ತುದಿಯನ್ನು ಕಿವಿಗೆ ಹಿಡಿದು, ಇನ್ನೊಂದನ್ನು ಕ್ಯಾಬಿನೆಟ್ಟಿನ ಸುತ್ತ ನಿಧಾನವಾಗಿ ಆಡಿಸಿದೆ. ರೆಕಾರ್ಡಿಂಗಿನಲ್ಲಿ ತಿಂಗಳುಗಟ್ಟಲೆ ಕಾಡಿದ ಗುಂಯ್ ಎಂಬ ನಾದ ಯಾವ ಫ್ಯಾನಿನದೂ ಆಗಿರಲಿಲ್ಲ. ನಿಮಿಷಕ್ಕೆ 7200, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುವ ಹಾರ್ಡ್ ಡಿಸ್ಕಿನ ನಡುಕ ತಗಡಿಗೆ ತಾಗಿ ಇಡೀ ಪೆಟ್ಟಿಗೆಯೇ ಮೊರೆಯುತ್ತಿತ್ತು. ಸ್ಕ್ರೂಗಳ ಕೆಳಗೆ ರಬ್ಬರ್ ವಾಷರ್ ಕೊಟ್ಟ ಮೇಲೆ ನಿಂತಿತು.

ಇನ್ನು ನಮ್ಮ ಕಡೆಯ ಧೂಳು ಮತ್ತು ಬಿಸಿಲು. ಪಕ್ಕದ ಬಾಗಿಲು ತೆಗೆದು ಅದೇ ಎಕ್ಸ್‌ಪೋರ್ಟನ್ನು ಹತ್ತು ನಿಮಿಷ ಓಡಿಸಿ. ಇಕೊ ಮೋಡ್‌ನಲ್ಲಿ ಐದಾರು ಡಿಗ್ರಿಗಿಂತ ಹೆಚ್ಚು ಇಳಿದರೆ ಕ್ಯಾಬಿನೆಟ್ಟಿನೊಳಗೆ ಗಾಳಿ ಸರಿಯಾಗಿ ಆಡುತ್ತಿಲ್ಲ ಎಂದರ್ಥ, ಮುಂದಿನ ಜಾಲರಿ ಧೂಳಿನಿಂದ ಕಟ್ಟಿರಬಹುದು. ನನ್ನ ಜಾಲರಿಯನ್ನು ಎರಡು ವರ್ಷದ ನಂತರ ಬಿಚ್ಚಿದಾಗ ಧೂಳು ಕಂಬಳಿಯ ತುಂಡಿನಂತೆ ಒಂದೇ ಪದರವಾಗಿ ಎದ್ದು ಬಂತು. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ತಡೆದಿರಿ, ಗಾಳಿಯ ರಭಸಕ್ಕೆ ಮಿತಿಮೀರಿ ತಿರುಗಿದರೆ ಬೇರಿಂಗ್ ಕೆಡುತ್ತದೆ. ಯಾವ ಕೂಲರೂ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು; ಕೋಣೆ ಐದು ಡಿಗ್ರಿ ಏರಿದರೆ ಒಳಗೂ ಸುಮಾರು ಅಷ್ಟೇ ಏರುತ್ತದೆ. ಮೇಜಿನ ಕೆಳಗಿನ ಮುಚ್ಚಿದ ಖಾನೆಯಲ್ಲಿ ಕ್ಯಾಬಿನೆಟ್ ಇದ್ದರೆ ಇಂದೇ ಹೊರಗಿಡಿ.

ಇಷ್ಟಾದ ಮೇಲೂ ಕೂಲರ್ ಬೇಕೆನಿಸಿದರೆ 120 ಮಿಲಿಮೀಟರಿನ ಎರಡು ಫ್ಯಾನ್ ಇರುವ ಜೋಡಿ ಗೋಪುರದ (ತೆಳು ಲೋಹದ ಹಾಳೆಗಳ ಎರಡು ಕಟ್ಟು ಇರುವ) ಏರ್ ಕೂಲರ್ ಸಾಕು. ಇವುಗಳಲ್ಲಿ ಹಲವು 155 ಮಿಲಿಮೀಟರಿಗೂ ಎತ್ತರ ಇರುವುದರಿಂದ, ಆರ್ಡರ್ ಮಾಡುವ ಮೊದಲು ಪ್ರೊಸೆಸರಿನ ಮೇಲ್ಮೈಯಿಂದ ಪಕ್ಕದ ಬಾಗಿಲಿನವರೆಗಿನ ಅಂತರವನ್ನು ಅಳತೆಪಟ್ಟಿ ಹಿಡಿದು ಅಳೆದುಕೊಳ್ಳಿ.